ಭಾವ ಸಾಕಿಕೊಂಡ ಗ್ರೀಕ್ ದೇವರುಗಳು

ನಮ್ಮ ಭಾವನಿಗೆ ಪಕ್ಕದ ಮನೆಯ ಸುದ್ದಿ ಒಂದೂ ಗೊತ್ತಿರುತ್ತಿರಲಿಲ್ಲ. ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಯಾವ ಮನೆಯಲ್ಲಿ ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದರು, ಇದನ್ನೆಲ್ಲ ಅಕ್ಕ ಊಟಕ್ಕೆ ಬಡಿಸುತ್ತಾ ಹೇಳಿದರೆ ಅವರು ಹೂಂ ಎನ್ನುತ್ತಾ ಸಾರಿನಲ್ಲಿ ಅನ್ನ ಕಲಸುತ್ತಿದ್ದರು. ಆದರೆ ಗ್ರೀಕ್ ದೇಶದ ದೇವರುಗಳ ಮನೆಯ ಸುದ್ದಿ ಕೇಳಿ ನೋಡಬೇಕಿತ್ತು! ಯಾವ ದೇವರು ಯಾರ ಜೊತೆ ಮಾತು ಬಿಟ್ಟಿದ್ದಾನೆ, ಯಾವ ದೇವಿ ಗಂಡನ ಮೇಲೆ ಮುನಿಸಿಕೊಂಡು ಮುಖ ತಿರುಗಿಸಿ ಕೂತಿದ್ದಾಳೆ, ಯಾವ ಮಗನನ್ನು ಅಪ್ಪ ಕಾಲು ಹಿಡಿದು ಬೆಟ್ಟದ ಮೇಲಿಂದ ಎಸೆದ, ಎಲ್ಲವನ್ನೂ ನಿನ್ನೆ ತಾನೇ ಅವರ ಮನೆಯಲ್ಲಿ ಊಟ ಮಾಡಿ ಬಂದವರ ಹಾಗೆ ವಿವರಿಸುತ್ತಿದ್ದರು. ಇಂಥವರನ್ನು ಪಂಡಿತರೆನ್ನಬೇಕೋ, ತಲೆ ಸ್ವಲ್ಪ ಸಡಿಲವಾದವರೆನ್ನಬೇಕೋ? ಅಕ್ಕ ಈ ಎರಡನ್ನೂ ಒಪ್ಪುತ್ತಿರಲಿಲ್ಲ. "ಅವ್ರು ರೈಟರು ಕಣೆ, ಅಷ್ಟೇ" ಎನ್ನುತ್ತಿದ್ದಳು.

ನಮ್ಮ ಕಡೆ ತೋಟದಲ್ಲಿ ರೈಟರು ಎಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಭಾವ ಕೊಡ್ಲಿಪೇಟೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆ ಕೆಲಸದಲ್ಲಿದ್ದರು. ಅಕ್ಕನ ಬಾಣಂತನಕ್ಕೆಂದು ಅಮ್ಮ ನನ್ನನ್ನು ಅಲ್ಲಿಗೆ ಕಳಿಸಿದರು. ಬಾಣಂತನ ಮುಗಿಯಿತು, ಮಗು ಅಂಬೆಗಾಲಿಟ್ಟಿತು, ನಾನು ಮಾತ್ರ ಅಲ್ಲೇ ಉಳಿದುಬಿಟ್ಟೆ. ಆಗಿನ್ನೂ ಕೊಡಗು ಬೇರೆಯೇ ರಾಜ್ಯ. ನಮ್ಮ ಸರ್ಕಾರ ಮಡಿಕೇರಿಯಲ್ಲಿತ್ತು. ಕೊಡ್ಲಿಪೇಟೆ ದಾಟಿ ಒಂದಿಷ್ಟು ನಡೆದರೆ ಮೈಸೂರು ರಾಜ್ಯ. ಅಕ್ಕ ಹಾಸನದ ಕಡೆಯ ನೆಂಟರ ಮನೆಗೆ ಹೊರಟರೆ ಭಾವ "ಪರದೇಶಕ್ಕೆ ಹೊರಟ್ಯಾ" ಎಂದು ಕೇಳುತ್ತಿದ್ದರು.

ಈ ದೇವರುಗಳು ಮನೆಗೆ ಬಂದ ಕಥೆಯನ್ನು ಅಕ್ಕ ನನಗೆ ಹೇಳಿದ್ದು ಕೋಪದಿಂದಲೇ. ಸ್ವಾತಂತ್ರ್ಯ ಬಂದ ಮೇಲೆ ತೋಟದ ಬಿಳಿ ದೊರೆ ತೋಟ ಮಾರಿ ತನ್ನ ಊರಿಗೆ ಹೊರಟನಂತೆ. ಬಂಗಲೆಯ ಸಾಮಾನನ್ನೆಲ್ಲ ವರಾಂಡದಲ್ಲಿ ಇಡಿಸಿ, ಬೇಕಾದವರು ಬೇಕಾದ್ದು ತೆಗೆದುಕೊಂಡು ಹೋಗಿ ಎಂದನಂತೆ. ಅಲ್ಲೊಂದು ಜಾಲರಿ ಬೀರು ಇತ್ತು. ಹಾಲು ಮೊಸರು ಇಟ್ಟರೆ ಬೆಕ್ಕೂ ಮುಟ್ಟದ, ಇರುವೆಯೂ ಹತ್ತದ ಬೀರು. ಅಕ್ಕ ಅದನ್ನು ತರಲೆಂದೇ ಭಾವನನ್ನು ಬೆಳಿಗ್ಗೆಯೇ ತಿಂಡಿ ಕೊಟ್ಟು ಕಳಿಸಿದಳು. ಭಾವ ಮಧ್ಯಾಹ್ನ ಬಂದಾಗ ಇಬ್ಬರು ಆಳುಗಳ ತಲೆಯ ಮೇಲೆ ಒಂದು ಮರದ ಪೆಟ್ಟಿಗೆ ಇತ್ತು.

"ಬೀರು ಎಲ್ಲಿ?" ಎಂದಳು ಅಕ್ಕ.

"ಬೀರು ಮ್ಯಾನೇಜರ ಮನೆಗೆ ಹೋಯ್ತು ಕಣೆ. ನಾನು ಅದಕ್ಕಿಂತ ದೊಡ್ಡದು ತಂದಿದೀನಿ. ಇದ್ರೊಳಗೆ ಒಂದು ದೇಶದ ದೇವರೆಲ್ಲ ಇದಾರೆ."

ಪೆಟ್ಟಿಗೆಯಲ್ಲಿ ದಪ್ಪ ದಪ್ಪ ಪುಸ್ತಕಗಳಿದ್ದವು. ಗ್ರೀಕರ ಪ್ರಾಚೀನ ಕಾವ್ಯಗಳು, ಇಂಗ್ಲಿಷಿನಲ್ಲಿ. ಭಾವ ಮೆಟ್ರಿಕ್ ಪಾಸು ಮಾಡಿದವರು. ಒಂದು ಡಿಕ್ಷನರಿ ತೊಡೆಯ ಮೇಲೆ, ಒಂದು ಕಾವ್ಯ ಕೈಯಲ್ಲಿ, ಹೀಗೆ ಓದಲು ಕೂತವರು ಮತ್ತೆ ಏಳಲೇ ಇಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಹಾಲು ಮೊಸರಿನ ಪಾತ್ರೆಗಳನ್ನು ಅವಳು ಆ ಪೆಟ್ಟಿಗೆಯ ಮೇಲೆಯೇ ಸಾಲಾಗಿ ಇಡುತ್ತಿದ್ದಳು. ಬೆಕ್ಕು ಬಂದು ಕುಡಿದರೆ, "ನಿಮ್ಮ ದೇವರಿಗೆ ಒಂದು ಬೆಕ್ಕು ಓಡಿಸೋಕೂ ಬರಲ್ವಲ್ಲ" ಎನ್ನುತ್ತಿದ್ದಳು.

ಆ ದೇವರುಗಳ ಹೆಸರು ಮಾತ್ರ ಭಾವನ ಬಾಯಿಗೆ ಹೊರಳುತ್ತಿರಲಿಲ್ಲ. ಅದಕ್ಕೆ ಅವರು ಎಲ್ಲರಿಗೂ ಹೊಸದಾಗಿ ಹೆಸರಿಟ್ಟುಬಿಟ್ಟಿದ್ದರು. ಸಿಡಿಲು ಹಿಡಿದು ಬೆಟ್ಟದ ತುದಿಯಲ್ಲಿ ಕೂತ ದೊಡ್ಡ ದೇವರು ಯಜಮಾನ. ಅವನ ಹೆಂಡತಿ ಯಜಮಾನಿ. ಕಾಲಿಗೆ ರೆಕ್ಕೆ ಕಟ್ಟಿಕೊಂಡು ಸುದ್ದಿ ಮುಟ್ಟಿಸುವವನು ಟಪಾಲಿನವನು. ಬೆಂಕಿಯ ಮುಂದೆ ಕೂತು ದೇವತೆಗಳ ಆಯುಧ ಬಡಿಯುವ ಕುಂಟ ದೇವರು ಕಮ್ಮಾರ. ಅವನ ಹೆಂಡತಿ ಲೋಕದ ಚೆಲುವೆಯರಲ್ಲೆಲ್ಲ ಚೆಲುವೆ, ಹಾಗಾಗಿ ಅವಳು ಚೆಲುವೆ. ತೋಟದ ಕೆಲಸಗಾರರ ಲೈನು ಮನೆಗಳಲ್ಲಿ ಯಾರಾದರೂ "ಯಜಮಾನ" ಎಂದರೆ ಮ್ಯಾನೇಜರನ್ನು ಕುರಿತೋ ಸಿಡಿಲಿನ ದೇವರನ್ನು ಕುರಿತೋ ಎಂದು ಕೇಳಿ ತಿಳಿಯಬೇಕಾಗಿತ್ತು.

ಸಂಜೆ ಕೆಲಸ ಮುಗಿದ ಮೇಲೆ ಮನೆಯ ಜಗಲಿಯಲ್ಲಿ ಸಭೆ. ತಪ್ಪದೆ ಬರುತ್ತಿದ್ದವನು ಎಸ್ಟೇಟಿನ ಲಾರಿ ಓಡಿಸುವ ಮೊಯ್ದು. ಅವನದು ಮಲಯಾಳ ಬೆರೆತ ಕನ್ನಡ. ನಾವು ಒಳಗೆ ಅಕ್ಕಿ ಆರಿಸುತ್ತಾ ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದೆವು.

"ರೈಟ್ರೆ, ಈ ಯಜಮಾನಂಗೆ ಎಷ್ಟು ಬೀವಿ?" ಎಂದು ಮೊಯ್ದು ಒಮ್ಮೆ ಕೇಳಿದ.

"ಹೆಂಡ್ತಿ ಒಬ್ಬಳೇ ಕಣಯ್ಯ. ಆದ್ರೆ ಭೂಲೋಕದಲ್ಲಿ ಯಾರಾದ್ರೂ ಚೆನ್ನಾಗಿರೋ ಹೆಣ್ಣು ಕಂಡ್ರೆ ಹಂಸ ಆಗಿ ಹೋಗೋನು, ಹೋರಿ ಆಗಿ ಹೋಗೋನು, ಮಳೆ ಆಗಿ ಸುರಿಯೋನು."

ಒಳಗಿನಿಂದ ಅಕ್ಕ ಹೇಳಿದಳು: "ಹೋರಿ ಆದೋನು ಹೋರಿಯಾಗೇ ಇದ್ದಿದ್ರೆ ಗಾಡಿಗಾದ್ರೂ ಕಟ್ಟಬಹುದಿತ್ತು."

ಇನ್ನೊಂದು ದಿನ ಯಜಮಾನನಿಗೆ ತಲೆನೋವು ಬಂದ ಕಥೆ. ನೋವು ತಡೆಯಲಾರದೆ ಅವನು ಕಮ್ಮಾರನನ್ನು ಕರೆದು ಕೊಡಲಿಯಿಂದ ತಲೆಗೆ ಹೊಡೆಸಿಕೊಂಡನಂತೆ. ತಲೆ ಬಿರಿದು ಅದರೊಳಗಿಂದ ಬೆಳೆದ ಮಗಳೊಬ್ಬಳು ಗುರಾಣಿ ಈಟಿ ಸಮೇತ ಕೂಗುತ್ತಾ ಹೊರಗೆ ಬಂದಳಂತೆ. ಮಗುವಿಗೆ ಹಾಲು ಕುಡಿಸುತ್ತಿದ್ದ ಅಕ್ಕ ಇದನ್ನು ಗಮನವಿಟ್ಟು ಕೇಳಿದಳು. ಕೇಳಿ, "ಒಳ್ಳೇದಾಯ್ತು. ಹೆರಿಗೆ ಅಂದ್ರೆ ಏನು ಅಂತ ಒಬ್ಬ ಗಂಡಸಿಗಾದ್ರೂ ಗೊತ್ತಾಯ್ತಲ್ಲ" ಎಂದಳು. ಅವತ್ತಿನಿಂದ ಆ ದೇವರುಗಳಲ್ಲಿ ಒಬ್ಬಿಬ್ಬರ ಮೇಲೆ ಅಕ್ಕನಿಗೂ ಸ್ವಲ್ಪ ಪ್ರೀತಿ ಹುಟ್ಟಿತೆಂದು ನನ್ನ ಲೆಕ್ಕ.

ಜಗಲಿಯಲ್ಲೇ ಇದ್ದಿದ್ದರೆ ಆ ದೇವರುಗಳಿಂದ ಯಾರಿಗೂ ತೊಂದರೆ ಇರಲಿಲ್ಲ. ಭಾವ ಅವರನ್ನು ಊರಿನ ವ್ಯವಹಾರಕ್ಕೂ ಇಳಿಸಿದರು. ತೋಟದ ಕೆಳಗೆ ಈಶ್ವರನ ಗುಡಿ ಇತ್ತು. ಅಲ್ಲಿ ಪೂಜೆ ಮಾಡುವ ಅಯ್ಯನವರು ಊರಿಗೆಲ್ಲ ಹಿರಿಯರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಂದು ಬೆಳಿಗ್ಗೆ ಅವರ ಹಸು ಕೊಟ್ಟಿಗೆಯಿಂದ ತಪ್ಪಿಸಿಕೊಂಡಿತ್ತು. ಗೊರಸಿನ ಗುರುತು ಅಂಗಳದಿಂದ ಹಳ್ಳದ ಕಡೆಗೆ ನೆಟ್ಟಗೆ ಹೋಗಿತ್ತು. ಅಯ್ಯನವರು ಕೋಲು ಹಿಡಿದು ಹಳ್ಳದ ಕಡೆ ಹೊರಟಾಗ ಭಾವ ಎದುರಿಗೆ ಸಿಕ್ಕಿ ತಡೆದರು.

"ಅಯ್ಯನೋರೆ, ಗುರುತು ನೋಡಿ ಮೋಸ ಹೋಗಬೇಡಿ. ನಮ್ಮ ಟಪಾಲಿನವನು ಹುಟ್ಟಿದ ದಿನವೇ ಅಣ್ಣನ ದನಗಳನ್ನು ಕದ್ದವನು. ಎಲ್ಲವನ್ನೂ ಹಿಂದು ಮುಂದಾಗಿ ನಡೆಸಿಕೊಂಡು ಹೋದ. ಹುಡುಕೋಕೆ ಬಂದೋರು ಗುರುತು ಹಿಡಿದು ಹೋಗಿ ಖಾಲಿ ಕೊಟ್ಟಿಗೆ ಸೇರಿದ್ರು. ಕಳ್ಳ ಜಾಣನಾಗಿದ್ರೆ ಹಸು ಗುಡ್ಡದ ಕಡೆಗೇ ಹೋಗಿರುತ್ತೆ."

ಅಯ್ಯನವರು ಯಾಕೆ ಒಪ್ಪಿದರೋ ಇವತ್ತಿಗೂ ನನಗೆ ತಿಳಿಯದು. ಭಾವ ಮಾತಾಡುವ ರೀತಿಯೇ ಹಾಗಿತ್ತು. ಅಯ್ಯನವರ ಒಬ್ಬನೇ ಮಗ ಕೊಡಗಿನ ಇನ್ನೊಂದು ತುದಿಯ ಕರಿಕೆಯಲ್ಲಿ ಮೇಷ್ಟ್ರಾಗಿದ್ದ, ರಜಕ್ಕೆ ಊರಿಗೆ ಬಂದಿದ್ದ. ಅವನೂ ಜೊತೆಗೆ ಹೊರಟ. ಮೂವರೂ ಲಂಟಾನ ಮುಳ್ಳಿನಲ್ಲಿ ಪಂಚೆ ಹರಿದುಕೊಂಡು ಗುಡ್ಡವನ್ನೆಲ್ಲ ಸುತ್ತಿದರು. ಸಂಜೆ ಸೋತು ಸೊಪ್ಪಾಗಿ ಬಂದರೆ ಹಸು ಅಂಗಳದಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಹಳ್ಳದ ಆಚೆ ಹುಲ್ಲು ಮೇಯುತ್ತಿದ್ದದ್ದನ್ನು ಯಾರೋ ಹೊಡೆದುಕೊಂಡು ಬಂದಿದ್ದರು.

ಅಯ್ಯನವರು ಕಾಲಿನ ಮುಳ್ಳು ತೆಗೆಯುತ್ತಾ ಹೇಳಿದ್ದು ಒಂದೇ ಮಾತು: "ರೈಟರೇ, ನಮ್ಮ ಹಸು ಗ್ರೀಕ್ ಹಸು ಅಲ್ಲ. ಮುಂದಕ್ಕೇ ನಡೆಯುತ್ತೆ."

ಮೇಷ್ಟ್ರು ಜಗಲಿ ಕಂಬ ಹಿಡಿದುಕೊಂಡು ನಗುತ್ತಿದ್ದ. ಒಳಗಿನಿಂದ ಬಂದ ಅವನ ತಾಯಿ ಏನೆಂದು ಕೇಳಿದರೆ ಹೇಳಲೂ ಆಗದಷ್ಟು ನಗು. ಹಸು ಸಿಕ್ಕಿತೇ ಎಂದು ನೋಡಲು ಹೋಗಿದ್ದ ನಾನು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ತಂದೆಗೆ ಇಲ್ಲದ ನಗುವೆಲ್ಲ ಈ ಮಗನಿಗೆ ಬಂದುಬಿಟ್ಟಿದೆ ಅನ್ನಿಸಿತು.

ಅಯ್ಯನವರಿಗೆ ನಿಜವಾಗಿ ಸಿಟ್ಟು ಬಂದದ್ದು ಕಾರ್ತಿಕದ ಸೋಮವಾರ. ಗುಡಿಯಲ್ಲಿ ದೀಪ ಹಚ್ಚಿ ಆಗಿತ್ತು. ಹರಿಕಥೆಗೆ ಹಾಸನದ ಕಡೆಯಿಂದ ದಾಸರು ಬರಬೇಕಿತ್ತು. ಬಸ್ಸು ಕೆಟ್ಟು ಅವರು ಮೈಸೂರು ರಾಜ್ಯದಲ್ಲೇ ಉಳಿದರೆಂಬ ಸುದ್ದಿ ಬಂತು. ಮಂಟಪದ ತುಂಬ ಜನ. ಎಲ್ಲರೂ ಏಳುವ ಹೊತ್ತಿಗೆ ಮೊಯ್ದು ಹೊರಗಿನ ಕಟ್ಟೆಯ ಮೇಲಿಂದ, "ರೈಟ್ರು ಇದಾರಲ್ಲ, ಕಥೆ ಹೇಳಲಿ" ಎಂದ. ಭಾವ ಬೇಡವೆನ್ನುವ ಜಾತಿಯೇ? ಶಲ್ಯ ಸರಿಮಾಡಿಕೊಂಡು ಎದ್ದು ನಿಂತರು.

ಅವತ್ತಿನ ಕಥೆ ಯಜಮಾನಿಯದು. ಭೂಮಿಯಲ್ಲಿ ದೊಡ್ಡ ಯುದ್ಧ ನಡೆಯುತ್ತಿದೆ. ಯಜಮಾನ ಒಂದು ಪಕ್ಷ, ಹೆಂಡತಿ ಇನ್ನೊಂದು ಪಕ್ಷ. ಅವನ ಕಣ್ಣು ತಪ್ಪಿಸಿ ತನ್ನ ಕಡೆಯವರಿಗೆ ಸಹಾಯ ಮಾಡಬೇಕು. ಅದಕ್ಕೆ ಅವಳು ಎಣ್ಣೆ ಹಚ್ಚಿ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಚೆಲುವೆಯ ಹತ್ತಿರ ಮಾಯದ ಸೊಂಟಪಟ್ಟಿಯನ್ನು ಕಡ ತಂದು ಕಟ್ಟಿಕೊಂಡು ಗಂಡನ ಮುಂದೆ ಸುಮ್ಮನೆ ಹಾದುಹೋದಳು. ಲೋಕವನ್ನು ನಡುಗಿಸುವ ದೇವರು ಯುದ್ಧ ಮರೆತ. ಆಮೇಲೆ ಗೊರಕೆ ಹೊಡೆದ. ಎದ್ದು ನೋಡಿದರೆ ಅವನ ಪಕ್ಷ ಸೋತು ಓಡುತ್ತಿತ್ತು. ಹೆಂಗಸರ ಕಡೆ ಸೆರಗಿನೊಳಗೆ ನಗು ಶುರುವಾಯಿತು. ಗಂಡಸರ ಕಡೆ, ದೀಪಕ್ಕೆಂದು ಊರಿಗೆ ಬಂದಿದ್ದ ಮೇಷ್ಟ್ರು ಬಹಿರಂಗವಾಗಿಯೇ ನಗುತ್ತಿದ್ದ.

ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಆ ದೇವ್ರಿಗೆ ಎಡೆ ಏನು ಇಡ್ತಾರಪ್ಪ?"

"ಹೊಗೆ ಅಜ್ಜಿ. ಬೆಂಕಿಗೆ ಹಾಕ್ತಾರೆ, ಹೊಗೆ ಮೇಲೆ ಹೋಗುತ್ತೆ, ದೇವರು ಮೂಸಿ ನೋಡಿ ತೃಪ್ತಿಯಾಗ್ತಾರೆ. ಉಳಿದದ್ದು ಭಕ್ತರಿಗೆ."

"ಹೊಗೆಗೇ ತೃಪ್ತಿಯಾದ್ರೆ ನಮ್ಮನೆ ಒಲೆ ಹತ್ರ ಬಂದು ಕೂತ್ಕೊಳ್ಳಲಿ. ಹಸಿ ಸೌದೆ."

ಮಂಟಪವೇ ನಕ್ಕಿತು. ಆಗ ಅಯ್ಯನವರು ಎದ್ದು ನಿಂತರು. ನಗು ನಿಂತಿತು.

"ರೈಟರೇ, ಒಂದು ಮಾತು. ಇವರಿಗೆ ದೇವರು ಅಂತ ಹೆಸರು ಬೇರೆ ಕೇಡು. ಜಗಳ ಆಡ್ತಾರೆ, ಕದೀತಾರೆ, ಸುಳ್ಳು ಹೇಳ್ತಾರೆ. ಮರ್ಯಾದೆ ಅನ್ನೋದು ಇದೆಯಾ ಇವರಿಗೆ?"

ಭಾವ ಹೇಳಿದರು: "ಇಲ್ಲ ಅಯ್ಯನೋರೆ. ಅವರು ಸಾಯೋದಿಲ್ಲವಲ್ಲ. ಇವತ್ತು ಕೆಟ್ಟರೆ ನಾಳೆ ಸರಿಮಾಡ್ಕೋಬಹುದು. ಮರ್ಯಾದೆ, ಮಾತು ಉಳಿಸ್ಕೊಳ್ಳೋದು, ಇದೆಲ್ಲ ಸಾಯೋರಿಗೆ ಬೇಕಾದ್ದು. ಆ ಪುಸ್ತಕದಲ್ಲಿ ದೊಡ್ಡೋರು ಮನುಷ್ಯರೇ."

ಈ ಮಾತು ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ, ಮೇಷ್ಟ್ರು ಒಬ್ಬನೇ ತಲೆದೂಗಿದ. ಮಗ ತಲೆದೂಗಿದ್ದನ್ನು ತಂದೆ ನೋಡಿದರು. "ಇನ್ನು ಮೇಲೆ ಈ ಮಂಟಪದಲ್ಲಿ ನೀವು ಕಥೆ ಹೇಳೋದು ಬೇಡ" ಎಂದು ಹೇಳಿ ಗರ್ಭಗುಡಿಯ ಬಾಗಿಲು ಹಾಕಿದರು.

ಭಾವನಿಗೆ ಬಹಳ ಬೇಸರವಾಯಿತು. ಕೆಲವು ದಿನ ಜಗಲಿಯಲ್ಲೂ ಕಥೆ ನಡೆಯಲಿಲ್ಲ. ಮನೆ ಎಷ್ಟು ಸುಮ್ಮನಾಯಿತೆಂದರೆ ಅಕ್ಕನೇ ತಡೆಯಲಾರದೆ, "ಆ ಕುಂಟ ಕಮ್ಮಾರನ ಹೆಂಡ್ತಿ ಇನ್ನೂ ಅವನ ಜೊತೇಲೇ ಇದಾಳಾ?" ಎಂದು ಕೇಳಿದಳು. ಅಷ್ಟು ಸಾಕಾಗಿತ್ತು, ಭಾವ ಶುರುಮಾಡಿದರು. ಅಯ್ಯನವರು ಮಾತ್ರ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಿದ್ದರು.

ಮಳೆಗಾಲ ಹತ್ತಿರ ಬಂದಾಗ ಕರಿಕೆಯಲ್ಲಿ ಮೇಷ್ಟ್ರಿಗೆ ಜ್ವರ ಬಂತು. ಅಲ್ಲಿಂದ ಅವನನ್ನು ಮಡಿಕೇರಿ ಆಸ್ಪತ್ರೆಗೆ ಸಾಗಿಸಿದರೆಂದು ಸುದ್ದಿ ಬಂತು. ಅಯ್ಯನವರು ಹೊರಡುವ ತಯಾರಿಯಲ್ಲಿದ್ದಾಗ ತಂತಿ ಬಂತು. ಆ ತಂತಿಯನ್ನು ಅವರಿಗೆ ಓದಿ ಹೇಳಬೇಕಾಗಿ ಬಂದದ್ದು ಭಾವನಿಗೆ, ಮ್ಯಾನೇಜರನ್ನು ಬಿಟ್ಟರೆ ಸುತ್ತಮುತ್ತ ಇಂಗ್ಲಿಷ್ ಬಲ್ಲವರು ಅವರೊಬ್ಬರೇ ಆಗಿದ್ದರಿಂದ. ಅವರು ಓದಿದರು. ಎರಡು ಕೈಯಿಂದ ಅಯ್ಯನವರನ್ನು ಹಿಡಿದು ಕೂರಿಸಿದರು. ಆಮೇಲೆ ನೆಟ್ಟಗೆ ಮ್ಯಾನೇಜರ ಹತ್ತಿರ ಹೋಗಿ ಲಾರಿ ಕೇಳಿದರು. ಅಯ್ಯನವರು ಹೆಂಡತಿಯ ಹತ್ತಿರ ಉಳಿದರು, ಹೋದದ್ದು ಭಾವ ಮತ್ತು ಮೊಯ್ದು.

ಮರುದಿನ ಮಧ್ಯಾಹ್ನ ಲಾರಿ ಬಂತು. ಭಾವ ಮುಂದೆ ಡ್ರೈವರ ಪಕ್ಕದಲ್ಲಿ ಕೂತಿರಲಿಲ್ಲ. ಹಿಂದೆ, ಹುಲ್ಲು ಹಾಸಿದ ಹಲಗೆಯ ಮೇಲೆ, ಮೇಷ್ಟ್ರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಸೋಮವಾರಪೇಟೆಯಿಂದ ಈಚೆ ರಸ್ತೆಯೆಲ್ಲ ತಿರುವು, ಗುಂಡಿ. ಮೊಯ್ದು ಒಂದು ಗುಂಡಿಗೂ ಲಾರಿಯನ್ನು ಇಳಿಸದೆ, ಮಲಗಿದವನಿಗೆ ಎಚ್ಚರವಾಗಬಾರದೆಂಬಂತೆ ಓಡಿಸಿದನೆಂದು ಭಾವ ಆಮೇಲೆ ಅಕ್ಕನಿಗೆ ಹೇಳಿದರು.

ಮೇಷ್ಟ್ರ ಸಮಾಧಿಯ ಕೆಲಸ ಮುಗಿದ ಮೇಲೆ ಅಯ್ಯನವರ ಹೆಂಡತಿ ಮಾತು ಬಿಟ್ಟರು. ಅಳುತ್ತಲೂ ಇರಲಿಲ್ಲ. ಅಡಿಗೆಮನೆಯ ಗೋಡೆಗೆ ಒರಗಿ ಕೂತಿರುತ್ತಿದ್ದರು. ಅಕ್ಕ ದಿನವೂ ಗಂಜಿ ಕಾಯಿಸಿ ತೆಗೆದುಕೊಂಡು ಹೋಗುತ್ತಿದ್ದಳು. ಎರಡು ಗುಟುಕು ಇಳಿದರೆ ಹೆಚ್ಚು. ಒಂದು ಮಧ್ಯಾಹ್ನ ಮಗುವನ್ನೆತ್ತಿಕೊಂಡು ನಾನೂ ಹೋಗಿದ್ದೆ. ಭಾವ ಬಂದು ಜಗಲಿಯಲ್ಲಿ ಅಯ್ಯನವರ ಎದುರು ಕೂತರು.

ಅಯ್ಯನವರೇ ಮೊದಲು ಕೇಳಿದರು. "ರೈಟರೇ, ನಿಮ್ಮ ದೇವರು ಸಾಯಲ್ಲ ಅಂದ್ರಿ. ಅವರ ಮಕ್ಕಳು?"

"ಮನುಷ್ಯ ಹೆಣ್ಣಿಗೆ ಹುಟ್ಟಿದವರು ಸಾಯ್ತಾರೆ ಅಯ್ಯನೋರೆ."

"ಹೇಳಿ."

ಭಾವ ಮೆಲ್ಲಗೆ ಹೇಳಿದರು. ಯಜಮಾನನಿಗೆ ಭೂಮಿಯಲ್ಲಿ ಒಬ್ಬ ಮಗನಿದ್ದ. ಎಲ್ಲ ಮಕ್ಕಳಿಗಿಂತ ಅವನ ಮೇಲೆ ಪ್ರೀತಿ ಹೆಚ್ಚು. ಅವನೂ ಆ ಯುದ್ಧಕ್ಕೆ ಬಂದಿದ್ದ. ಅವತ್ತು ಅವನು ಸಾಯುವ ದಿನವೆಂದು ತಂದೆಗೆ ಮೇಲಿನಿಂದ ಕಾಣುತ್ತಿತ್ತು. ಎತ್ತಿಕೊಂಡು ಬಂದು ಅವನ ಊರಿನಲ್ಲಿ ಬಿಟ್ಟುಬಿಡಲೇ ಎಂದು ಹೆಂಡತಿಯನ್ನು ಕೇಳಿದ. ಅವಳು ಹೇಳಿದಳು, ಬೇಕಾದರೆ ಮಾಡು, ಆದರೆ ಆ ಯುದ್ಧದಲ್ಲಿ ಎಷ್ಟೋ ದೇವರ ಮಕ್ಕಳಿದ್ದಾರೆ, ನಾಳೆ ಎಲ್ಲರೂ ತಮ್ಮ ಮಗ ಬೇಕೆಂದರೆ ಏನು ಹೇಳುತ್ತೀಯೆ? ಅವನು ಕೈ ಹಿಂದೆ ತೆಗೆದ. ಆಕಾಶದಿಂದ ರಕ್ತದ ಹನಿಗಳು ಬಿದ್ದವು. ಮಗ ಸತ್ತ. ಆಮೇಲೆ ತಂದೆ ಇಬ್ಬರನ್ನು ಕಳಿಸಿದ. ನಿದ್ರೆ ಒಬ್ಬ, ಸಾವು ಇನ್ನೊಬ್ಬ, ಅವಳಿಜವಳಿ ಅಣ್ಣತಮ್ಮಂದಿರು. ಮಗನ ಮೈಯನ್ನು ಹೊಳೆಯ ನೀರಲ್ಲಿ ತೊಳೆಸಿ, ಒಳ್ಳೆಯ ಬಟ್ಟೆ ಉಡಿಸಿ, ಅವರಿಬ್ಬರ ಕೈಲಿ ಅವನ ಊರಿಗೆ ಕಳಿಸಿಕೊಟ್ಟ. ತನ್ನ ಜನರ ನಡುವೆ ಮಣ್ಣಾಗಲಿ ಎಂದು.

"ಅಷ್ಟು ದೊಡ್ಡ ದೇವರ ಕೈಲಿ ಆಗಿದ್ದು ಅಷ್ಟೇನಾ?" ಎಂದರು ಅಯ್ಯನವರು.

"ಅಷ್ಟೇ ಅಯ್ಯನೋರೆ."

ಅಯ್ಯನವರು ಶಲ್ಯದ ತುದಿಯಿಂದ ಮುಖ ಮುಚ್ಚಿಕೊಂಡರು. ಊರಿನಲ್ಲಿ ಯಾರ ಎದುರೂ ಅಳದ ಮನುಷ್ಯ ಭಾವನ ಎದುರು ಅತ್ತರು. ಅಕ್ಕ ಬಾಗಿಲಲ್ಲಿ ನಿಂತಿದ್ದವಳು ಪಿಸುಗುಟ್ಟಿದಳು, "ಈ ಕಥೆ ನಮಗೆ ಯಾವತ್ತೂ ಹೇಳಿರಲಿಲ್ಲವಲ್ಲ?" ಭಾವ ತಲೆಯೆತ್ತದೆ, "ಇದ್ರಲ್ಲಿ ನಗೋಕೆ ಏನೂ ಇರಲಿಲ್ಲ" ಎಂದರು.

ಆಗ ಅಡಿಗೆಮನೆಯಿಂದ ದನಿ ಕೇಳಿಸಿತು. ಎಷ್ಟೋ ದಿನದಿಂದ ಬಳಸದೆ ಒಣಗಿದ ದನಿ.

"ಅವನ ತಾಯಿ?"

ನಾವೆಲ್ಲ ತಿರುಗಿ ನೋಡಿದೆವು. ಅಯ್ಯನವರ ಹೆಂಡತಿ ಗೋಡೆ ಹಿಡಿದು ಎದ್ದು ಬಂದು ಬಾಗಿಲ ಹೊಸ್ತಿಲಲ್ಲಿ ನಿಂತಿದ್ದರು. "ಆ ಹುಡುಗನ ತಾಯಿ ಏನು ಮಾಡಿದ್ಲು?"

ಭಾವ ತಡವರಿಸಿದರು. "ಅಲ್ಲಿ... ಆಕೆ ವಿಷಯ ಬರೆದಿಲ್ಲ ಅಮ್ಮ."

"ಹೆಣ ಮನೆಗೆ ಬಂದಾಗ ತಾಯಿ ಇರಲಿಲ್ವಾ? ಅದನ್ನ ಯಾಕೆ ಬರೀಲಿಲ್ಲ?" ಅವರು ಭಾವನನ್ನೇ ದಿಟ್ಟಿಸಿದರು. "ಬರೆದೋನು ಗಂಡಸಿರಬೇಕು."

ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಅಯ್ಯನವರೂ ಮುಖದ ಮೇಲಿನ ಬಟ್ಟೆ ತೆಗೆದು ಹೆಂಡತಿಯನ್ನು ನೋಡಿದರು. ಆ ತಾಯಿ ಜಗಲಿಗೆ ಬಂದು, ಗಂಡನ ಪಕ್ಕದಲ್ಲಿ ಕೂತು, ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಮಡಿಲಲ್ಲಿ ಕೂರಿಸಿಕೊಂಡರು.

"ನಾನು ಹೇಳ್ತೀನಿ ಕೇಳಿ ರೈಟರೇ," ಎಂದರು. "ಇಷ್ಟೇ ಇದ್ದಾಗ ನಮ್ಮ ಹುಡುಗ..."

ಹೇಳತೊಡಗಿದರು. ಅವನು ನಡೆಯುವುದಕ್ಕೆ ಮೊದಲೇ ನಗುವುದನ್ನು ಕಲಿತದ್ದು, ಸ್ನಾನಕ್ಕೆ ಹೆದರಿ ಹುಲ್ಲಿನ ಬಣವೆಯೊಳಗೆ ಅಡಗಿ ಅಲ್ಲೇ ನಿದ್ದೆ ಹೋದದ್ದು, ಅಪ್ಪ ಪೂಜೆಗೆ ಕೂತರೆ ಹಿಂದೆ ನಿಂತು ಅಪ್ಪನ ಹಾಗೆ ಮುಖ ಗಂಟು ಹಾಕಿಕೊಂಡು ತೋರಿಸುತ್ತಿದ್ದದ್ದು. "ನನಗೆ ಗೊತ್ತೇ ಇರಲಿಲ್ಲ" ಎಂದರು ಅಯ್ಯನವರು. "ನಿಮಗೆ ಬೆನ್ನ ಹಿಂದೆ ಕಣ್ಣಿರಲಿಲ್ಲವಲ್ಲ" ಎಂದರು ಹೆಂಡತಿ. ಅಕ್ಕ ಗಂಜಿಯ ಬಟ್ಟಲನ್ನು ಅವರ ಕೈ ಹತ್ತಿರ ಸರಿಸಿದಳು. ಹೇಳುತ್ತಾ ಹೇಳುತ್ತಾ ಅವರು ಅದನ್ನು ಎತ್ತಿ ಕುಡಿದರು, ಬಟ್ಟಲು ಖಾಲಿಯಾದದ್ದು ಅವರಿಗೇ ತಿಳಿಯಲಿಲ್ಲ. ಹೊರಗೆ ಬಿಸಿಲು ಇಳಿಯಿತು. ಬಾಯಿ ತೆರೆದರೆ ಯಾರಿಗೂ ಮಾತಾಡಲು ಬಿಡದ ನಮ್ಮ ಭಾವ ಗಲ್ಲಕ್ಕೆ ಕೈ ಕೊಟ್ಟು ಕೂತು, ಆ ತಾಯಿ ಎಲ್ಲಾದರೂ ನಿಲ್ಲಿಸಿದರೆ, "ಆಮೇಲೆ ಅಮ್ಮ?" ಎಂದು ಕೇಳುತ್ತಿದ್ದರು.